ಟೀ ಎಲೆಯನ್ನು ಕುದಿಸಬೇಡಿ, ನೆನೆಯಲು ಬಿಡಿ

ಹಾಲು ಹಾಕದ ಟೀ ಅಂದರೆ ನಮ್ಮಲ್ಲಿ ತುಂಬಾ ಜನ ಮುಖ ಕಿವುಚುತ್ತಾರೆ. ಹೊಟ್ಟೆ ಕೆಟ್ಟಾಗ ನಿಂಬೆಹಣ್ಣು ಹಿಂಡಿಕೊಂಡು ಕುಡಿಯುವ ಕಷಾಯ ಅದು, ರುಚಿಗೆ ಅಂತ ಯಾರು ಕುಡಿಯುತ್ತಾರೆ ಅನ್ನುವ ಭಾವನೆ. ಇದರಲ್ಲಿ ಅವರ ತಪ್ಪೇನೂ ಇಲ್ಲ. ಹಾಲು, ಸಕ್ಕರೆ, ಶುಂಠಿ ಹಾಕಿ ಕುದಿಸುವುದಕ್ಕೆ ಅಂತಲೇ ಮಾಡಿದ ಪುಡಿಯನ್ನು ಬರೀ ನೀರಲ್ಲಿ ಕೊತಕೊತ ಕುದಿಸಿದರೆ ಕಹಿಯಲ್ಲದೆ ಇನ್ನೇನು ಬರುತ್ತದೆ? ಪುಡಿಯಾಗದ, ಇಡೀ ಎಲೆಯ ಟೀ ಬೇರೆಯೇ ವಸ್ತು. ಅದನ್ನು ಸರಿಯಾಗಿ ಮಾಡಿದರೆ ಹಾಲೂ ಬೇಡ, ಸಕ್ಕರೆಯೂ ಬೇಡ. ಹೂವಿನ ಘಮ, ಹಣ್ಣಿನ ಸಿಹಿ, ಹುರಿಹಿಟ್ಟಿನ ಪರಿಮಳ ಎಲ್ಲ ಆ ಎಲೆಯೊಳಗೇ ಇರುತ್ತದೆ.

ಅದನ್ನು ಹೊರಗೆ ತರಲು ಮೂರು ಲೆಕ್ಕ ಗೊತ್ತಿದ್ದರೆ ಸಾಕು: ಎಷ್ಟು ಎಲೆ, ಎಷ್ಟು ಬಿಸಿಯ ನೀರು, ಎಷ್ಟು ಹೊತ್ತು. ದುಬಾರಿ ಪಾತ್ರೆ ಪಗಡಿ ಏನೂ ಬೇಡ. ಆದರೆ ಒಂದು ಹಳೇ ಅಭ್ಯಾಸ ಬಿಡಬೇಕು. ಎಲೆ ಪಾತ್ರೆಯಲ್ಲಿದ್ದಾಗ ಕೆಳಗೆ ಉರಿ ಇರಬಾರದು.

ಎಲೆ ಯಾಕೆ ಬೇರೆ, ಪುಡಿ ಯಾಕೆ ಬೇರೆ

ಗಿಡ ಎರಡಕ್ಕೂ ಒಂದೇ. ಹಸಿರು ಟೀ, ಕಪ್ಪು ಟೀ ಕೂಡ ಅದೇ ಗಿಡದ್ದು. ಒಂದು ಮೊಗ್ಗು, ಎರಡು ಎಲೆ ಚಿವುಟಿ ತಂದು, ರಾತ್ರಿಯಿಡೀ ಗಾಳಿಗೆ ಹರಡಿ ಬಾಡಿಸುತ್ತಾರೆ. ಬಾಡಿದ ಎಲೆಯನ್ನು ಯಂತ್ರದಲ್ಲಿ ಹೊಸೆಯುತ್ತಾರೆ. ಹೊಸೆದಾಗ ಎಲೆ ಜಜ್ಜಿ ಒಳಗಿನ ರಸ ಗಾಳಿಗೆ ತಾಗುತ್ತದೆ, ಬಣ್ಣ ತಿರುಗುತ್ತದೆ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುತ್ತದಲ್ಲ, ಇದೂ ಅದೇ. ಬೇಕಾದಷ್ಟು ಬಣ್ಣ, ಪರಿಮಳ ಬಂದ ಮೇಲೆ ಬಿಸಿಗಾಳಿಯಲ್ಲಿ ಒಣಗಿಸಿದರೆ ಆ ಕೆಲಸ ಅಲ್ಲಿಗೆ ನಿಲ್ಲುತ್ತದೆ. ಹಸಿರು ಟೀಗೆ ಆದರೆ ಬಣ್ಣ ತಿರುಗುವ ಮೊದಲೇ ಬಿಸಿ ತಾಗಿಸುತ್ತಾರೆ, ಅದಕ್ಕೇ ಅದು ಹಸಿರಾಗಿ ಉಳಿಯುವುದು.

ಇಡೀ ಎಲೆಯನ್ನು ಹೀಗೆ ಹೊಸೆದು ಮಾಡುವ ಹಳೇ ಪದ್ಧತಿಗೆ ಆರ್ಥೊಡಾಕ್ಸ್ ಅಂತ ಹೆಸರು. ಪೊಟ್ಟಣದ ಮೇಲೆ ಹುಡುಕಬೇಕಾದ ಮೊದಲ ಪದ ಇದು. 1930ರ ದಶಕದಲ್ಲಿ ಅಸ್ಸಾಂನಲ್ಲಿ ಇನ್ನೊಂದು ಯಂತ್ರ ಬಂತು, ಸಿಟಿಸಿ. ಹಲ್ಲುಗಳಿರುವ ಉರುಳೆಗಳ ನಡುವೆ ಎಲೆಯನ್ನು ಅರೆದು, ಹರಿದು, ಸಣ್ಣ ಸಣ್ಣ ಕಾಳಿನಂತೆ ಸುತ್ತಿ ಹಾಕುವ ವಿಧಾನ. ನಮ್ಮ ದೇಶದಲ್ಲಿ ತಯಾರಾಗುವ ಟೀಯಲ್ಲಿ ಬಹುಪಾಲು ಇದೇ. ಕಿರಾಣಿ ಅಂಗಡಿಯಲ್ಲಿ ಸಿಗುವ ಪುಡಿಯೂ ಇದೇ. ಇದು ಕಳಪೆ ಅಂತ ನಾನು ಹೇಳಲ್ಲ, ಬೆಳಗ್ಗೆ ಎದ್ದು ಹಾಲು ಹಾಕಿ ಕುಡಿಯುವ ಟೀಗೆ ಇದಕ್ಕಿಂತ ಒಳ್ಳೆಯದಿಲ್ಲ. ಕಾಳು ಸಣ್ಣದಾದಷ್ಟೂ ನೀರಿಗೆ ತಾಗುವ ಮೈ ಜಾಸ್ತಿ, ಹಾಗಾಗಿ ಕ್ಷಣದಲ್ಲಿ ಬಣ್ಣ, ಕಡು ರುಚಿ ಎಲ್ಲ ಬಿಟ್ಟುಬಿಡುತ್ತದೆ. ಹಾಲಿನ ಎದುರು ನಿಲ್ಲಲು ಆ ಕಡು ರುಚಿ ಬೇಕೇ ಬೇಕು. ಇಡೀ ಎಲೆ ಹಾಗಲ್ಲ, ನಿಧಾನಕ್ಕೆ ಬಿಡುತ್ತದೆ. ಹಾಗೆ ನಿಧಾನವಾಗಿ ಬಿಡುವುದರಿಂದಲೇ ಎಲ್ಲಿ ನಿಲ್ಲಿಸಬೇಕು ಅನ್ನುವುದು ನಮ್ಮ ಕೈಲಿ ಉಳಿಯುತ್ತದೆ.

ಯಾವ ಊರಿನ ಎಲೆ, ಎಂಥ ರುಚಿ

ಮೊದಲ ಸಲ ಕೊಳ್ಳುವವರು ಅಂಗಡಿಯ ಪಟ್ಟಿ ನೋಡಿ ಗಾಬರಿಯಾಗುತ್ತಾರೆ. ಅಸ್ಸಾಂ, ಡಾರ್ಜಿಲಿಂಗ್, ನೀಲಗಿರಿ, ಈ ಮೂರನ್ನು ಒಂದೊಂದಾಗಿ ಕುಡಿದು ನೋಡಿ. ಉಳಿದಿದ್ದೆಲ್ಲ ಆಮೇಲೆ ತಾನಾಗೇ ಅರ್ಥವಾಗುತ್ತದೆ.

ಅಸ್ಸಾಂನಿಂದ ಶುರು ಮಾಡೋಣ, ಯಾಕೆಂದರೆ ನಮ್ಮ ನಾಲಿಗೆಗೆ ಹತ್ತಿರ ಇರುವುದು ಅದೇ. ಅಲ್ಲಿನ ಸಿಂಗ್‌ಫೋ ಜನ ಈ ಎಲೆಯನ್ನು ಮೊದಲಿಂದಲೂ ಬಳಸುತ್ತಿದ್ದರು. 1823ರಲ್ಲಿ ರಾಬರ್ಟ್ ಬ್ರೂಸ್ ಅನ್ನುವವನಿಗೆ ಅವರಿಂದಲೇ ಇದರ ಸುದ್ದಿ ಸಿಕ್ಕಿದ್ದು. ಬ್ರಹ್ಮಪುತ್ರಾ ಕಣಿವೆಯ ಸೆಕೆ, ಮಳೆ, ಅಗಲ ಎಲೆಯ ತಳಿ, ಎಲ್ಲ ಸೇರಿ ಟೀಗೆ ಗಟ್ಟಿ ಮೈ ಕೊಡುತ್ತವೆ. ಮೇ ಕೊನೆಯಿಂದ ಜೂನ್ ಹೊತ್ತಿಗೆ ಬರುವ ಎರಡನೇ ಚಿಗುರು, ಅಂದರೆ ಸೆಕೆಂಡ್ ಫ್ಲಶ್, ಅಲ್ಲಿನ ಶ್ರೇಷ್ಠ ಮಾಲು. ಒಣ ಎಲೆಯನ್ನು ಬಿಳಿ ತಟ್ಟೆಗೆ ಸುರಿದು ನೋಡಿ, ಕಪ್ಪು ಎಲೆಗಳ ನಡುವೆ ಬಂಗಾರದ ಬಣ್ಣದ ಸಣ್ಣ ಎಳೆಗಳು ಕಾಣುತ್ತವೆ. ಅವು ಮೊಗ್ಗುಗಳು. ನೀರಿಗೆ ಬಿದ್ದರೆ ಬಣ್ಣ ತಾಮ್ರದ ಕೆಂಪು. ರುಚಿಯನ್ನು ಟೀ ಬಲ್ಲವರು ಮಾಲ್ಟ್ ಅಂತಾರೆ. ರಾಗಿ ಮಾಲ್ಟ್ ಕುಡಿದವರಿಗೆ, ಮೊಳಕೆ ಕಟ್ಟಿ ಹುರಿದ ಧಾನ್ಯದ ವಾಸನೆ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಲು ಹಾಕಿದರೂ ಸೋಲದ ಎಲೆ ಟೀ ಅಂದರೆ ಇದು.

ಡಾರ್ಜಿಲಿಂಗ್ ಇದಕ್ಕೆ ಪೂರ್ತಿ ಉಲ್ಟಾ. ಬೆಟ್ಟದ ಇಳಿಜಾರು, ಚಳಿ, ಮಂಜು, ಸಣ್ಣ ಎಲೆಯ ಚೀನೀ ತಳಿಯ ಗಿಡಗಳು. ನಮ್ಮ ದೇಶದಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್, ಮೊದಲು ಸಿಕ್ಕಿದ್ದು ಡಾರ್ಜಿಲಿಂಗ್ ಟೀಗೇ. ಇಲ್ಲಿ ತಿಂಗಳು ಬದಲಾದರೆ ಟೀಯೇ ಬದಲಾಗುತ್ತದೆ, ಹಾಗಾಗಿ ಪೊಟ್ಟಣದ ಮೇಲೆ ಯಾವ ಫ್ಲಶ್ ಅಂತ ಬರೆದಿರದಿದ್ದರೆ ಕೊಳ್ಳಬೇಡಿ. ಮಾರ್ಚ್, ಏಪ್ರಿಲ್‌ನ ಫಸ್ಟ್ ಫ್ಲಶ್ ಎಲೆಯಲ್ಲಿ ಇನ್ನೂ ಹಸಿರು ಕಾಣುತ್ತದೆ, ಏಕೆಂದರೆ ಅದನ್ನು ಜಾಸ್ತಿ ಬಾಡಿಸಿರುತ್ತಾರೆ, ಬಣ್ಣ ಪೂರ್ತಿ ತಿರುಗಿರುವುದಿಲ್ಲ. ಟೀ ತಿಳಿ ಹಳದಿ, ಹೂವಿನ ಘಮ, ನಾಲಿಗೆಗೆ ಚುರುಕು. ಕಪ್ಪು ಟೀ ಅಂತ ಕೊಂಡವರು ಇದೇನಿದು ಇಷ್ಟು ತೆಳು ಅಂದುಕೊಂಡು ಇನ್ನೂ ಐದು ನಿಮಿಷ ನೆನೆಸಿ ಕೆಡಿಸಿಬಿಡುತ್ತಾರೆ. ಅದು ಇರಬೇಕಾದ್ದೇ ಹಾಗೆ.

ಮೇ, ಜೂನ್‌ನ ಸೆಕೆಂಡ್ ಫ್ಲಶ್ ನನ್ನ ಪ್ರಕಾರ ಇಡೀ ದೇಶದ ಅತ್ಯುತ್ತಮ ಟೀ. ಅದರ ಹೆಸರಾದ ಮಸ್ಕಟೆಲ್ ಪರಿಮಳದ ಹಿಂದೆ ಒಂದು ಹುಳುವಿದೆ. ಆ ಕಾಲದಲ್ಲಿ ಹಸಿರು ಜಿಗಿಹುಳುಗಳು ಚಿಗುರಿನ ರಸ ಹೀರುತ್ತವೆ. ಗಿಡ ತನ್ನ ರಕ್ಷಣೆಗೆ ಎಲೆಯಲ್ಲಿ ಕೆಲವು ಪರಿಮಳದ ವಸ್ತುಗಳನ್ನು ಮಾಡಿಕೊಳ್ಳುತ್ತದೆ. ಆ ಎಲೆಯನ್ನು ಹೊಸೆದು ಒಣಗಿಸಿದಾಗ ಮಾಗಿದ ದ್ರಾಕ್ಷಿಯ ವಾಸನೆ, ಜೇನಿನ ಹಾಗೆ ಒಂದು ಸಿಹಿ ಬರುತ್ತದೆ. ಸಕ್ಕರೆ ಕಣದಷ್ಟೂ ಹಾಕಿರುವುದಿಲ್ಲ, ಆದರೂ ಗುಟುಕು ನುಂಗಿದ ಮೇಲೆ ಗಂಟಲಲ್ಲಿ ಸಿಹಿ ಉಳಿಯುತ್ತದೆ. ಮಳೆಗಾಲದ ಎಲೆ ಅಷ್ಟಕ್ಕಷ್ಟೇ. ಅಕ್ಟೋಬರ್, ನವೆಂಬರ್‌ನದು ಮೃದುವಾಗಿರುತ್ತದೆ, ಬೆಲೆಯೂ ಕಡಿಮೆ, ಕಲಿಯುವವರಿಗೆ ಒಳ್ಳೆಯದು. ಅಸಲಿ ಡಾರ್ಜಿಲಿಂಗ್ ಪೊಟ್ಟಣದ ಮೇಲೆ ಟೀ ಎಲೆ ಹಿಡಿದ ಹೆಂಗಸಿನ ಮುದ್ರೆ ಇರುತ್ತದೆ, ಅದನ್ನು ನೋಡಿ ಕೊಳ್ಳಿ. ಗಡಿಯಾಚೆ ನೇಪಾಳದ ಇಲಾಮ್‌ನಲ್ಲೂ ಇದೇ ಜಾತಿಯ ಒಳ್ಳೆಯ ಟೀ ಬೆಳೆಯುತ್ತಾರೆ. ಅದನ್ನು ಅದರ ಹೆಸರಲ್ಲೇ ಮಾರುವವರ ಹತ್ತಿರ ಧಾರಾಳವಾಗಿ ಕೊಳ್ಳಬಹುದು.

ನೀಲಗಿರಿ ನಮಗೆ ಪಕ್ಕದ ಮನೆ. ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡು ಕಳೆದರೆ ಆ ಬೆಟ್ಟ. ಅಲ್ಲಿನ ಸಣ್ಣ ಬೆಳೆಗಾರರಲ್ಲಿ ಬಡಗರು ಬಹಳ, ಅವರ ಮಾತೂ ಕನ್ನಡಕ್ಕೆ ತೀರಾ ಹತ್ತಿರ. ಆದರೂ ನೀಲಗಿರಿಯ ಎಲೆ ಟೀಗೆ ಸಿಗಬೇಕಾದ ಮರ್ಯಾದೆ ನಮ್ಮವರಿಂದಲೇ ಸಿಕ್ಕಿಲ್ಲ ಅನ್ನುವುದು ನನಗೆ ನಿಜವಾಗಿಯೂ ಬೇಸರ. ಇದರ ಗುಣ ಏನೆಂದರೆ ಸುವಾಸನೆ ಜಾಸ್ತಿ, ಒಗರು ಕಡಿಮೆ. ಒಂದು ನಿಮಿಷ ಹೆಚ್ಚು ನೆನೆಸಿದರೂ ಕೆಡುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ರಾತ್ರಿ ಹಿಮ ಬೀಳುವಷ್ಟು ಚಳಿಯಾದಾಗ ಚಿಗುರು ತೀರಾ ನಿಧಾನಕ್ಕೆ ಬೆಳೆಯುತ್ತದೆ. ಆಗ ಕೊಯ್ದ ಎಲೆಯನ್ನು ಫ್ರಾಸ್ಟ್ ಟೀ ಅಂತ ಮಾರುತ್ತಾರೆ. ಹೂವು, ಹಣ್ಣಿನ ಘಮ ಎಲ್ಲ ಅದರಲ್ಲಿ ಎದ್ದು ಕಾಣುತ್ತದೆ. ಸಿಕ್ಕರೆ ಬಿಡಬೇಡಿ.

ನಮ್ಮ ರಾಜ್ಯದಲ್ಲೂ ಟೀ ಬೆಳೆಯುತ್ತಾರೆ. ಕಾಫಿಯ ನೆರಳಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ, ಅಷ್ಟೆ. ಚಿಕ್ಕಮಗಳೂರು ಜಿಲ್ಲೆಯ ಕೆಳಗೂರು, ಸಕಲೇಶಪುರದ ಕಡೆಯ ಕಾಡಮನೆ, ಕೊಡಗಿನ ಗ್ಲೆನ್‌ಲೋರ್ನಾ, ಇವೆಲ್ಲ ಟೀ ತೋಟಗಳೇ. ಆ ಕಡೆ ಪ್ರವಾಸ ಹೋದಾಗ ಅಲ್ಲಿನ ಟೀ ಕೇಳಿ. ಪುಡಿ ಕೊಡಲು ಬಂದರೆ, ಎಲೆ ದಪ್ಪ ಇರುವುದು ಇದೆಯಾ ಅಂತ ಇನ್ನೊಮ್ಮೆ ಕೇಳಿ.

ಡಬ್ಬದ ಮೇಲಿನ ಎಫ್‌ಟಿಜಿಎಫ್‌ಒಪಿ, ಟಿಜಿಎಫ್‌ಒಪಿ, ಒಪಿ, ಬಿಒಪಿ ಥರದ ಅಕ್ಷರಗಳ ಬಗ್ಗೆ ಎರಡು ಮಾತು. ಅವು ಎಲೆಯ ಗಾತ್ರ ಮತ್ತು ಅದರಲ್ಲಿ ಮೊಗ್ಗು ಎಷ್ಟಿದೆ ಅನ್ನುವ ಲೆಕ್ಕ, ರುಚಿಗೆ ಕೊಟ್ಟ ಅಂಕ ಅಲ್ಲ. ಬಿ ಅಂದರೆ ಮುರಿದ ಎಲೆ, ಬೇಗ ಕಡುವಾಗುತ್ತದೆ. ಒಪಿಯ ಒ ಅಂದರೆ ಆರೆಂಜ್, ಆದರೆ ಕಿತ್ತಳೆ ಹಣ್ಣಿಗೂ ಇದಕ್ಕೂ ಸಂಬಂಧವಿಲ್ಲ. ಅಕ್ಷರ ಜಾಸ್ತಿ ಇದೆ ಅಂತ ದುಡ್ಡು ಜಾಸ್ತಿ ಕೊಡುವ ಮೊದಲು ಕೊಯ್ದ ತಿಂಗಳು, ವರ್ಷ ನೋಡಿ. ಅದೇ ಮುಖ್ಯ.

ನೀರು

ಲೋಟದಲ್ಲಿರುವುದು ಬಹುಪಾಲು ನೀರೇ, ಆದರೆ ಅದರ ಬಗ್ಗೆ ಯಾರೂ ಯೋಚಿಸುವುದಿಲ್ಲ. ಬೋರ್‌ವೆಲ್ ನೀರಲ್ಲಿ ಟೀ ಮಾಡಿ ಸ್ವಲ್ಪ ಹೊತ್ತು ಬಿಡಿ. ಮೇಲೆ ಕಂದು ಬಣ್ಣದ ತೆಳು ಪೊರೆ ಕಟ್ಟುತ್ತದೆ, ಲೋಟ ಅಲ್ಲಾಡಿಸಿದರೆ ಆ ಪೊರೆ ಬಿರುಕು ಬಿಟ್ಟು ತುಂಡು ತುಂಡಾಗಿ ತೇಲುತ್ತದೆ, ಲೋಟದ ಒಳಮೈಗೂ ಕಲೆಯಾಗಿ ಅಂಟುತ್ತದೆ. ಎಷ್ಟೋ ಜನ ಟೀ ಎಲೆ ಸರಿಯಿಲ್ಲ ಅಂದುಕೊಳ್ಳುತ್ತಾರೆ. ಗಡಸು ನೀರಿನ ಸುಣ್ಣದ ಅಂಶ ಟೀಯ ಒಗರಿನ ಜೊತೆ ಸೇರಿ ಆಗುವ ಪೊರೆ ಅದು. ಅಂಥ ನೀರಲ್ಲಿ ಟೀಯ ಬಣ್ಣ ಮಂಕು, ಪರಿಮಳವೂ ಸತ್ತಂತೆ. ಮನೆಗೆ ಕಾವೇರಿ ನೀರು ಬರುತ್ತಿದ್ದರೆ ಅದನ್ನೇ ಫಿಲ್ಟರ್ ಮಾಡಿ ಬಳಸಿ. ಬರೀ ಬೋರ್ ನೀರಿದ್ದರೆ ಟೀಗಾದರೂ ಆರ್‌ಒ ನೀರು ತಗೊಳ್ಳಿ. ಆರ್‌ಒ ನೀರು ತೀರಾ ಸಪ್ಪೆ ಅನಿಸಿದರೆ ಅದಕ್ಕೆ ಸ್ವಲ್ಪ ಮಾಮೂಲಿ ಕುಡಿಯುವ ನೀರು ಬೆರೆಸಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ.

ಇನ್ನು ಬಿಸಿ. ಊರು ಎತ್ತರವಾದಷ್ಟೂ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಮಂಗಳೂರಲ್ಲಿ 100 ಡಿಗ್ರಿಗೆ ಕುದಿಯುವ ನೀರು ಬೆಂಗಳೂರಲ್ಲಿ ಸುಮಾರು 97ಕ್ಕೆ, ಮಡಿಕೇರಿಯಲ್ಲಿ 96ರ ಆಸುಪಾಸಿಗೆ ಕುದಿಯುತ್ತದೆ. ಹಾಗಾಗಿ ನಮ್ಮ ಒಳನಾಡಿನ ಊರುಗಳಲ್ಲಿ ಅಸ್ಸಾಂ ಟೀಗೆ ನೀರು ತಣಿಸುವ ಪ್ರಶ್ನೆಯೇ ಇಲ್ಲ, ಕುದಿ ಬಂದ ಕೂಡಲೇ ಸುರಿಯಿರಿ. ನೀಲಗಿರಿಗೂ, ಡಾರ್ಜಿಲಿಂಗ್ ಸೆಕೆಂಡ್ ಫ್ಲಶ್‌ಗೂ ಕುದಿ ನಿಂತ ಮೇಲೆ ಅರ್ಧ ನಿಮಿಷ ತಡೆದರೆ ಸಾಕು. ಫಸ್ಟ್ ಫ್ಲಶ್‌ಗೆ ಮಾತ್ರ 85ರಿಂದ 90 ಡಿಗ್ರಿ ಬೇಕು. ಥರ್ಮಾಮೀಟರ್ ಬೇಡ, ಒಲೆ ಆರಿಸಿ ಮುಚ್ಚಳ ತೆಗೆದು ಒಂದೆರಡು ನಿಮಿಷ ಬಿಡಿ. ಗುಳ್ಳೆ ಪೂರ್ತಿ ನಿಂತು, ಹಬೆ ಮಾತ್ರ ಸಲೀಸಾಗಿ ಏಳುತ್ತಿರಬೇಕು.

ಈಗ ಮಾಡೋಣ

ಬೇಕಾದ್ದು ಇಷ್ಟು: ಮುಚ್ಚಳವಿರುವ ಒಂದು ಸಣ್ಣ ಪಾತ್ರೆ, ಒಂದು ಜಾಲರಿ, ಫೋನಿನಲ್ಲಿ ಟೈಮರ್. ಪಾತ್ರೆ ಪಿಂಗಾಣಿ ಅಥವಾ ಗಾಜಿನದಾದರೆ ಉತ್ತಮ. ಸ್ಟೀಲ್ ಆದರೂ ನಡೆಯುತ್ತದೆ, ಆದರೆ ಒಗ್ಗರಣೆ ಹಾಕಿದ ಪಾತ್ರೆ ಬೇಡ, ಕಾಫಿ ಫಿಲ್ಟರ್ ಅಂತೂ ಬೇಡವೇ ಬೇಡ. ಕಾಫಿಯ ವಾಸನೆ ಎಷ್ಟು ತೊಳೆದರೂ ಹೋಗಲ್ಲ. ಅಂಗಡಿಯಲ್ಲಿ ಸಿಗುವ, ಸರಪಳಿ ಕಟ್ಟಿದ ಗೋಲಿಯಂಥ ಜಾಲರಿ ನೋಡಲು ಚೆಂದ, ಕೆಲಸಕ್ಕೆ ಬಾರದು. ಎಲೆ ಬಿಚ್ಚಿಕೊಳ್ಳಲು ಅದರೊಳಗೆ ಜಾಗವೇ ಇಲ್ಲ.

ಮೊದಲು ಪಾತ್ರೆಗೆ ಸ್ವಲ್ಪ ಬಿಸಿನೀರು ಹಾಕಿ, ಒಮ್ಮೆ ಆಡಿಸಿ ಚೆಲ್ಲಿ. ತಣ್ಣನೆಯ ಪಿಂಗಾಣಿಗೆ ನೇರ ಸುರಿದರೆ ನೀರಿನ ಬಿಸಿಯನ್ನು ಅದೇ ಕುಡಿದುಬಿಡುತ್ತದೆ. ಆಮೇಲೆ ಎಲೆ. 200 ಮಿಲಿಲೀಟರ್ ನೀರಿಗೆ, ಅಂದರೆ ಒಂದು ದೊಡ್ಡ ಕಪ್ಪಿಗೆ, 2ರಿಂದ ಎರಡೂವರೆ ಗ್ರಾಂ. ಇಲ್ಲೇ ಜಾಸ್ತಿ ಜನ ಎಡವುವುದು, ಏಕೆಂದರೆ ಚಮಚದ ಲೆಕ್ಕ ಎಲೆಯಿಂದ ಎಲೆಗೆ ಬದಲಾಗುತ್ತದೆ. ಡಾರ್ಜಿಲಿಂಗ್‌ನ ಉದ್ದ ಎಲೆ ಚಮಚದಲ್ಲಿ ಪೊಳ್ಳಾಗಿ ಕೂರುತ್ತದೆ, ಅದಕ್ಕೆ ತುಂಬಿದ ಎರಡು ಟೀ ಚಮಚ ಬೇಕಾಗುತ್ತದೆ. ಬಿಗಿಯಾಗಿ ಸುತ್ತಿದ ಅಸ್ಸಾಂ ಎಲೆಗೆ ಒಂದು ಚಮಚ ಸಾಕು. ಅಡುಗೆಮನೆಯಲ್ಲಿ ಡಿಜಿಟಲ್ ತಕ್ಕಡಿ ಇದ್ದರೆ ಮೊದಲ ಸಲ ತೂಗಿ ನೋಡಿ, ಆಮೇಲೆ ಕಣ್ಣಂದಾಜು ಬರುತ್ತದೆ.

ನೀರು ಸುರಿಯಿರಿ. ಮುಚ್ಚಳ ಹಾಕಿ. ಇದನ್ನು ಮರೆಯಬೇಡಿ, ಹಬೆಯ ಜೊತೆ ಹೋಗುವುದು ಬರೀ ಬಿಸಿಯಲ್ಲ, ಪರಿಮಳವೂ ಹೌದು. ಒಮ್ಮೆಯಾದರೂ ಗಾಜಿನ ಪಾತ್ರೆಯಲ್ಲಿ ಮಾಡಿ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಬಿಸಿನೀರು ಬಿದ್ದ ಕೂಡಲೇ ಎಲೆ ಮೇಲೆ ತೇಲುತ್ತದೆ. ಮೊದಲ ನಿಮಿಷದಲ್ಲಿ ಒಂದೊಂದೇ ಎಲೆಯಿಂದ ಕೆಂಪು ಬಣ್ಣ ದಾರದ ಹಾಗೆ ಕೆಳಗಿಳಿಯುತ್ತದೆ. ಎರಡನೇ ನಿಮಿಷಕ್ಕೆ ಹುರಿಯಾಗಿದ್ದ ಎಲೆ ಸಡಿಲವಾಗಿ ಬಿಚ್ಚಿಕೊಳ್ಳುತ್ತದೆ, ಅಂಚಿನ ಗರಗಸದ ಹಲ್ಲು ಕಾಣುತ್ತದೆ, ತೊಟ್ಟಿನಲ್ಲಿ ಮೊಗ್ಗು ಇನ್ನೂ ಅಂಟಿಕೊಂಡೇ ಇರುತ್ತದೆ. ಎಲೆಗಳು ಭಾರವಾಗಿ ತಳಕ್ಕೆ ಇಳಿಯಲು ಶುರುವಾದಾಗ ಟೀ ಹೆಚ್ಚುಕಡಿಮೆ ತಯಾರು.

ಹೊತ್ತಿನ ಲೆಕ್ಕ: ಡಾರ್ಜಿಲಿಂಗ್ ಫಸ್ಟ್ ಫ್ಲಶ್‌ಗೆ ಎರಡೂವರೆಯಿಂದ 3 ನಿಮಿಷ. ಸೆಕೆಂಡ್ ಫ್ಲಶ್‌ಗೆ 3ರಿಂದ 4. ನೀಲಗಿರಿಗೂ 3ರಿಂದ 4. ಅಸ್ಸಾಂಗೆ 4, ಹಾಲು ಹಾಕುವುದಾದರೆ 5. ಮುರಿದ ಎಲೆಯಾದರೆ ಎಲ್ಲದರಲ್ಲೂ ಒಂದು ನಿಮಿಷ ಕಮ್ಮಿ. ಟೈಮರ್ ಹೊಡೆದ ತಕ್ಷಣ ಪೂರ್ತಿ ಸೋಸಿಬಿಡಿ. ಅರ್ಧ ಬಸಿದು ಉಳಿದಿದ್ದನ್ನು ಎಲೆಯ ಜೊತೆಗೇ ಬಿಟ್ಟರೆ ಎರಡನೇ ಲೋಟ ಬಾಯಿಗಿಡಲು ಆಗುವುದಿಲ್ಲ. ಕೊನೆಯ ಹನಿಗೆ ಅಂತ ಚಮಚದಲ್ಲಿ ಎಲೆ ಒತ್ತಿ ಹಿಂಡಬೇಡಿ.

ಈ ನಿಮಿಷಗಳ ಹಿಂದೆ ಒಂದು ಕಾರಣವಿದೆ. ಪರಿಮಳ, ಕೆಫೀನ್, ಹಿತವಾದ ರುಚಿ ಕೊಡುವ ಅಂಶಗಳು ನೀರಿಗೆ ಬೇಗ ಇಳಿಯುತ್ತವೆ. ಬಾಯಿ ಒಣಗಿಸುವ ಒಗರಿನ ಅಂಶ ನಿಧಾನಕ್ಕೆ ಬರುತ್ತಾ ಹೋಗುತ್ತದೆ. ಒಂದು ಹಂತದ ಮೇಲೆ ಹೊಸದಾಗಿ ಸೇರುವುದು ಒಗರು ಮತ್ತು ಕಹಿ ಮಾತ್ರ. ಕುದಿಸಿದರೆ ಆ ಹಂತ ಕ್ಷಣದಲ್ಲಿ ದಾಟಿಹೋಗುತ್ತದೆ, ಪರಿಮಳ ಹಬೆಯಾಗಿ ಹಾರಿಹೋಗುತ್ತದೆ. ಕುದಿಸಬೇಡಿ ಅನ್ನುವುದು ಇದಕ್ಕೇ.

ಎಲೆ ಬಿಸಾಡಬೇಡಿ. ಒಳ್ಳೆಯ ಎಲೆ ಎರಡನೇ ನೀರಿಗೂ ಬರುತ್ತದೆ. ಈ ಸಲ ಒಂದೆರಡು ನಿಮಿಷ ಜಾಸ್ತಿ ನೆನೆಸಿ. ಟೀ ಮೊದಲಿನದಕ್ಕಿಂತ ಮೃದುವಾಗಿರುತ್ತದೆ, ಕೆಲವರಿಗೆ ಅದೇ ಜಾಸ್ತಿ ಇಷ್ಟ. ದುಬಾರಿ ಅನ್ನುವವರು ಇದನ್ನು ಲೆಕ್ಕಕ್ಕೆ ತಗೊಳ್ಳಬೇಕು: 100 ಗ್ರಾಂ ಪೊಟ್ಟಣದಲ್ಲಿ ಮೊದಲ ನೀರಿಗೇ 40ರಿಂದ 50 ಕಪ್ ಆಗುತ್ತದೆ. ಎರಡನೇ ನೀರೂ ಸೇರಿದರೆ ಅದರ ದುಪ್ಪಟ್ಟು. ಆದರೆ ನೆಂದ ಎಲೆಯನ್ನು ರಾತ್ರಿಯವರೆಗೆ ಇಟ್ಟುಕೊಳ್ಳಬೇಡಿ, ನಮ್ಮ ಹವೆಯಲ್ಲಿ ಅದು ಕೆಡುತ್ತದೆ.

ಕಹಿಯಾಯ್ತು, ಸಪ್ಪೆಯಾಯ್ತು, ಏನು ಮಾಡಲಿ

ಮೊದಲು ಬಾಯಲ್ಲಿ ಆಗುತ್ತಿರುವುದೇನು ಅಂತ ಗುರುತಿಸಿಕೊಳ್ಳಿ. ನೆಲ್ಲಿಕಾಯಿ, ಬಾಳೆಕಾಯಿ, ಅಡಿಕೆ ಕಡಿದು ಬೆಳೆದ ನಮಗೆ ಒಗರು ಬೇರೆ, ಕಹಿ ಬೇರೆ ಅಂತ ಯಾರೂ ಕಲಿಸಬೇಕಿಲ್ಲ. ಸ್ವಲ್ಪ ಒಗರು ಟೀಗೆ ಬೇಕು, ಅದಿಲ್ಲದಿದ್ದರೆ ಬಿಸಿನೀರು ಕುಡಿದ ಹಾಗಿರುತ್ತದೆ. ನಾಲಿಗೆಯ ಪಕ್ಕ ಜುಮ್ಮೆಂದು ತಕ್ಷಣ ಬಿಟ್ಟುಹೋದರೆ ಒಳ್ಳೆಯ ಒಗರು. ಇಡೀ ಬಾಯಿ ಒಣಗಿ ತಡೆದು ನಿಂತರೆ ಹೊತ್ತು ಹೆಚ್ಚಾಗಿದೆ, ಮುಂದಿನ ಸಲ ಅರ್ಧ ನಿಮಿಷ ಇಳಿಸಿ. ಫಸ್ಟ್ ಫ್ಲಶ್ ಕಹಿಯಾದರೆ ಹೊತ್ತು ಇಳಿಸುವ ಮೊದಲು ನೀರಿನ ಬಿಸಿ ಇಳಿಸಿ ನೋಡಿ. ಸಪ್ಪೆ ಅನಿಸಿದರೆ ಹೊತ್ತು ಹೆಚ್ಚಿಸಬೇಡಿ, ಎಲೆ ಹೆಚ್ಚಿಸಿ. ಬಣ್ಣ ಬರಲಿಲ್ಲ ಅಂತ ಇನ್ನಷ್ಟು ನೆನೆಸುವುದರಿಂದ ಬರುವುದು ಒಗರೇ ಹೊರತು ರುಚಿಯಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಏನಾಯ್ತು ಅಂತ ಗೊತ್ತೇ ಆಗಲ್ಲ.

ಇದನ್ನು ಒಂದೇ ದಿನದಲ್ಲಿ ಕಲಿಯುವ ದಾರಿಯೂ ಇದೆ. ಮೂರು ಲೋಟಕ್ಕೆ ಒಂದೇ ಎಲೆ, ಒಂದೇ ತೂಕ, ಒಂದೇ ನೀರು ಹಾಕಿ. ಮೊದಲನೆಯದನ್ನು 2 ನಿಮಿಷಕ್ಕೆ, ಎರಡನೆಯದನ್ನು 4ಕ್ಕೆ, ಮೂರನೆಯದನ್ನು 6ಕ್ಕೆ ಸೋಸಿ. ಸ್ವಲ್ಪ ಆರಿದ ಮೇಲೆ ಸಾಲಾಗಿ ಕುಡಿದು ನೋಡಿ. ಸುಡುವ ಟೀಯಲ್ಲಿ ರುಚಿ ತಿಳಿಯುವುದಿಲ್ಲ, ಉಗುರು ಬೆಚ್ಚಗಿಂತ ತುಸು ಬಿಸಿ ಇದ್ದಾಗ ಎಲ್ಲ ಬಯಲಾಗುತ್ತದೆ. ಸೊರ್ರನೆ ಶಬ್ದ ಮಾಡಿ ಹೀರಿ, ಟೀ ರುಚಿ ನೋಡುವುದೇ ಕೆಲಸವಾಗಿರುವವರೂ ಹಾಗೇ ಮಾಡುತ್ತಾರೆ, ಗಾಳಿಯ ಜೊತೆ ಹೋದರೆ ಪರಿಮಳ ಮೂಗಿಗೆ ಏರುತ್ತದೆ. ಅಂದ ಹಾಗೆ ಅವರು ಪಾಲಿಸುವ ಅಂತರರಾಷ್ಟ್ರೀಯ ಮಾನದಂಡ, ಐಎಸ್‌ಒ 3103, ಹೇಳುವುದು 100 ಮಿಲಿಲೀಟರ್‌ಗೆ 2 ಗ್ರಾಂ, 6 ನಿಮಿಷ. ಅದು ಎಲೆಯ ದೋಷವೂ ಎದ್ದು ಕಾಣಲಿ ಅಂತ ಮಾಡುವ ಕಡು ಟೀ. ಮನೆಯಲ್ಲಿ ಅದನ್ನು ಅನುಸರಿಸಬೇಡಿ.

ಹಾಲು, ನಿಂಬೆ, ಬೆಲ್ಲ

ಅಸ್ಸಾಂ ಟೀಗೆ ಹಾಲು ಹಾಕಿದರೆ ಯಾರೂ ಬೇಡ ಅನ್ನಲ್ಲ. ಹಾಲಿನ ಪ್ರೋಟೀನು ಒಗರಿನ ಅಂಶವನ್ನು ಹಿಡಿದಿಟ್ಟುಕೊಳ್ಳುವುದರಿಂದ ಬಾಯಿಗೆ ಮೃದುವಾಗುತ್ತದೆ. ಬೇರೆ ಕಾಯಿಸಿದ ಹಾಲನ್ನು ಸೋಸಿದ ಟೀಗೆ ಒಂದೆರಡು ಚಮಚ ಹಾಕಿ, ಅಷ್ಟೇ. ಡಾರ್ಜಿಲಿಂಗ್‌ಗೆ ಹಾಲು ಹಾಕಿದರೆ ದುಡ್ಡು ಕೊಟ್ಟು ಕೊಂಡ ಪರಿಮಳ ಪೂರ್ತಿ ಮುಚ್ಚಿಹೋಗುತ್ತದೆ. ನಿಂಬೆ ನೀಲಗಿರಿಗೆ ಚೆನ್ನಾಗಿ ಹೊಂದುತ್ತದೆ. ಹನಿ ಬಿದ್ದ ಕೂಡಲೇ ಕೆಂಪು ತಿಳಿಯಾಗಿ ಹೊಂಬಣ್ಣಕ್ಕೆ ತಿರುಗುವುದನ್ನು ನೋಡಬಹುದು, ಹುಳಿಗೆ ಟೀಯ ಬಣ್ಣದ ಅಂಶ ಹಾಗೆ ಬದಲಾಗುತ್ತದೆ. ಸಿಹಿ ಬೇಕೇ ಬೇಕು ಅನ್ನುವವರು ಅಸ್ಸಾಂಗೆ ಸ್ವಲ್ಪ ಬೆಲ್ಲ ಹಾಕಿ ನೋಡಿ, ಮಾಲ್ಟ್ ರುಚಿಗೂ ಬೆಲ್ಲಕ್ಕೂ ಒಳ್ಳೆಯ ಜೋಡಿ. ಆದರೆ ಮೊದಲ ಎರಡು ಗುಟುಕು ಏನೂ ಹಾಕದೆ ಕುಡಿಯಿರಿ.

ಆರೋಗ್ಯದ ವಿಷಯದಲ್ಲಿ ಎರಡೇ ಮಾತು. ಊಟದ ಜೊತೆ ಟೀ ಕುಡಿದರೆ ಸೊಪ್ಪು, ಕಾಳಿನ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ರಕ್ತಹೀನತೆ ಇರುವವರು ಊಟವಾಗಿ ಒಂದು ಗಂಟೆಯಾದರೂ ಬಿಟ್ಟು ಕುಡಿಯಬೇಕು. ಮೊದಲ ಅರ್ಧ ನಿಮಿಷದ ನೀರು ಚೆಲ್ಲಿದರೆ ಕೆಫೀನ್ ಎಲ್ಲ ಹೋಗುತ್ತದೆ ಅನ್ನುವುದು ನಿಜವಲ್ಲ. ಹಾಗೆ ಮಾಡಿದರೆ ಕೆಫೀನ್ ಬಹುಪಾಲು ಎಲೆಯಲ್ಲೇ ಉಳಿಯುತ್ತದೆ, ಹೋಗುವುದು ಒಳ್ಳೆಯ ಪರಿಮಳ. ರಾತ್ರಿ ನಿದ್ದೆ ಬರಲ್ಲ ಅನ್ನುವವರು ಮಧ್ಯಾಹ್ನದ ಮೇಲೆ ಕುಡಿಯದೇ ಇರುವುದೇ ಸರಿ.

ಬೇಸಿಗೆಗೆ ತಣ್ಣನೆಯ ಟೀ

ಒಂದು ಲೀಟರ್ ತಣ್ಣೀರಿಗೆ 8ರಿಂದ 10 ಗ್ರಾಂ ನೀಲಗಿರಿ ಎಲೆ ಹಾಕಿ ಮುಚ್ಚಿ, ರಾತ್ರಿ ಫ್ರಿಜ್‌ನಲ್ಲಿಟ್ಟು ಬೆಳಗ್ಗೆ ಸೋಸಿ. ಒಲೆ ಹಚ್ಚುವ ಕೆಲಸವೇ ಇಲ್ಲ. ತಣ್ಣೀರಿಗೆ ಒಗರು ಇಳಿಯುವುದು ಬಹಳ ಕಡಿಮೆ, ಹಾಗಾಗಿ ಸಕ್ಕರೆ ಇಲ್ಲದೆಯೂ ಸಿಹಿ ಅನಿಸುತ್ತದೆ. ಬಿಸಿಯಾಗಿ ಮಾಡಿದ ಅಸ್ಸಾಂ ಟೀಯನ್ನು ಫ್ರಿಜ್‌ನಲ್ಲಿಟ್ಟರೆ ಮೋಡ ಕವಿದ ಹಾಗೆ ಮಬ್ಬಾಗುತ್ತದೆ. ಅದು ಕೆಟ್ಟಿದ್ದಲ್ಲ, ಕೆಫೀನ್ ಮತ್ತು ಒಗರಿನ ಅಂಶ ತಣ್ಣಗಾದಾಗ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನೀಲಗಿರಿ ಎಲೆಯ ಟೀ ತಣ್ಣಗಾದರೂ ತಿಳಿಯಾಗಿಯೇ ಉಳಿಯುತ್ತದೆ. ಸೋಸಿದ್ದನ್ನು ಅವತ್ತೇ, ತಪ್ಪಿದರೆ ಮರುದಿನದೊಳಗೆ ಮುಗಿಸಿ.

ಕೊಂಡ ಮೇಲೆ ಎಲ್ಲಿಡಬೇಕು

ಟೀ ಎಲೆ ಪಕ್ಕದಲ್ಲಿರುವುದರ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಇಂಗಿನ ಡಬ್ಬ, ಸಾರಿನ ಪುಡಿ, ಕಾಫಿಪುಡಿ ಇರುವ ಕಪಾಟಿನಲ್ಲಿ ಇಡಲೇಬೇಡಿ. ಗಾಜಿನ ಬಾಟಲಿಯಲ್ಲಿ ಒಲೆಯ ಪಕ್ಕ ಇಟ್ಟರೆ ಬೆಳಕು, ಬಿಸಿ ಎರಡೂ ಸೇರಿ ಕೆಡಿಸುತ್ತವೆ. ಬಿಗಿ ಮುಚ್ಚಳದ ತಗಡು ಅಥವಾ ಸ್ಟೀಲ್ ಡಬ್ಬ, ಒಣಗಿದ, ತಂಪಾದ ಕಪಾಟು, ಇಷ್ಟು ಸಾಕು. ಫ್ರಿಜ್ ಬೇಡ, ಪ್ರತಿ ಸಲ ಹೊರಗೆ ತೆಗೆದಾಗ ಒಳಗೆ ನೀರಾಡುತ್ತದೆ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಇನ್ನೂ ಹುಷಾರಾಗಿರಬೇಕು. ಎಲೆಯನ್ನು ಬೆರಳಲ್ಲಿ ಮುರಿದರೆ ಚಟ್ಟನೆ ಮುರಿಯಬೇಕು, ಬಾಗಿದರೆ ಅದು ತೇವ ಹಿಡಿದಿದೆ ಅಂತಲೇ ಲೆಕ್ಕ. ಅದಕ್ಕೇ ಅರ್ಧ ಕೆಜಿ ಒಟ್ಟಿಗೆ ತರುವ ಬದಲು 50, 100 ಗ್ರಾಂ ಪೊಟ್ಟಣ ತನ್ನಿ. ವಾರಕ್ಕೆ ಬೇಕಾಗುವಷ್ಟನ್ನು ಸಣ್ಣ ಡಬ್ಬಕ್ಕೆ ಹಾಕಿಕೊಂಡು, ಉಳಿದಿದ್ದರ ಬಾಯಿ ಬಿಗಿಯಾಗಿ ಮುಚ್ಚಿಡಿ. ಅಸ್ಸಾಂ ಎಲೆ ಹೀಗಿಟ್ಟರೆ ಒಂದು ವರ್ಷ ಆರಾಮಾಗಿ ಬರುತ್ತದೆ. ಡಾರ್ಜಿಲಿಂಗ್ ಫಸ್ಟ್ ಫ್ಲಶ್ ಅಷ್ಟು ದಿನ ತಾಳುವುದಿಲ್ಲ, ಅದರ ಹೂವಿನ ಘಮವೇ ಮೊದಲು ಹೋಗುತ್ತದೆ. ಮೇ ತಿಂಗಳಲ್ಲಿ ಕೊಂಡಿದ್ದರೆ ದೀಪಾವಳಿಯೊಳಗೆ ಕುಡಿದು ಮುಗಿಸಿ.